ಸೈಜು, ಸೀಟ್ ಪೋಸ್ಟು, ಸವೆದ ಚೈನು: ಪುಣೆಯಲ್ಲಿ ಒಂದು ಹಳೆಯ ಮೌಂಟನ್ ಬೈಕ್ ಖರೀದಿಯ ಪ್ರಕರಣ

ಹಿನ್ನೆಲೆ

ಈ ಪ್ರಕರಣದಲ್ಲಿ ಸೈಕಲ್ ಕೊಂಡವರನ್ನು ‘ಸ’ ಎಂದು ಕರೆಯುತ್ತೇನೆ. ಅವರ ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ. ಗದಗದ ಕಡೆಯವರು, ಮದುವೆಯಾದ ಮೇಲೆ ಪುಣೆಗೆ ಬಂದು ಕೋಥರೂಡಿನಲ್ಲಿ ನೆಲೆಸಿದವರು. ವಯಸ್ಸು ಮೂವತ್ತೈದರ ಆಸುಪಾಸು. ಎತ್ತರ 158 ಸೆಂಟಿಮೀಟರ್, ತೂಕ 54 ಕಿಲೊ. ಈ ಎರಡು ಅಂಕಿಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ಹೆಚ್ಚಿನ ನಿರ್ಧಾರಗಳು ಇವುಗಳ ಮೇಲೆಯೇ ನಿಂತಿದ್ದವು.

ಭಾನುವಾರ ಬೆಳಿಗ್ಗೆ ಸೈಕಲ್ ತುಳಿಯುವ ನಮ್ಮ ಕನ್ನಡಿಗರ ಗುಂಪಿಗೆ ಅವರು ಎರವಲು ಸೈಕಲಿನಲ್ಲಿ ಬರುತ್ತಿದ್ದರು. ಡಾಂಬರು ರಸ್ತೆ ಸಾಕೆನಿಸಿ, ಗುಡ್ಡದ ಕಾಲುದಾರಿಗಳ ಮೇಲೆ ಮನಸ್ಸು ಬಂದಿತ್ತು. “ಹಾರುವುದು, ಜಿಗಿಯುವುದು ನನಗೆ ಬೇಡ ಅಣ್ಣ. ಟೇಕಡಿ ಹತ್ತಬೇಕು, ಹೆದರಿಕೆಯಿಲ್ಲದೆ ಇಳಿಯಬೇಕು, ಅಷ್ಟೇ” ಎಂದರು. ಇಷ್ಟು ಸ್ಪಷ್ಟವಾಗಿ ತಮ್ಮ ಅಗತ್ಯವನ್ನು ಹೇಳುವ ಗಿರಾಕಿ ಅಪರೂಪ. ಅವರಿಗೆ ತಕ್ಕ ಸೈಕಲ್ ಆರಿಸಿಕೊಡುವ ನನ್ನ ಕೆಲಸ ಅಲ್ಲಿಗೇ ಅರ್ಧ ಹಗುರವಾಯಿತು.

ಟೇಕಡಿ ಎಂದರೆ ಮರಾಠಿಯಲ್ಲಿ ಗುಡ್ಡ. ಅವರು ಹೇಳಿದ್ದು ವೇತಾಳ ಟೇಕಡಿ. ಪುಣೆ ನಗರದೊಳಗಿನ ಅತಿ ಎತ್ತರದ ಜಾಗ ಅದು. ಊರು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದ್ದರೆ ಟೇಕಡಿಯ ನೆತ್ತಿ ಸುಮಾರು 800 ಮೀಟರಿನಲ್ಲಿದೆ. ತಳದಲ್ಲಿ ದಖ್ಖನಿನ ಬಸಾಲ್ಟ್ ಬಂಡೆ, ಅದರ ಮೇಲೆ ಸಡಿಲ ಗರಸು. ಬೇಸಿಗೆಯಲ್ಲಿ ಈ ಗರಸು ಗಾಲಿಯ ಕೆಳಗೆ ಗೋಲಿಗಳಂತೆ ಉರುಳುತ್ತದೆ. ಮಳೆಗಾಲದಲ್ಲಿ ಬಂಡೆಯ ಮೇಲೆ ಪಾಚಿ ಕಟ್ಟುತ್ತದೆ. ಗೊಬ್ಬರದ ಗಿಡಗಳ (ಗ್ಲಿರಿಸಿಡಿಯಾ) ನಡುವಿನ ದಾರಿಗಳಲ್ಲಿ ಜಾಲಿಮುಳ್ಳು ಧಾರಾಳ. ಇಂಥ ನೆಲಕ್ಕೆ ಬೇಕಾದದ್ದು ನಂಬಬಹುದಾದ ಬ್ರೇಕ್, ಅಗಲವಾದ ಟಯರು, ಏರಿಗೆ ಸಾಕಾಗುವಷ್ಟು ಹಗುರ ಗೇರು, ಮುಂದಿನ ಗಾಲಿಯನ್ನು ಹಿಡಿದು, ಗುದ್ದಿಗೆ 100 ಮಿಲಿಮೀಟರಿನಷ್ಟು ಕುಗ್ಗುವ ಸಸ್ಪೆನ್ಷನ್ ಫೋರ್ಕ್. ಹಿಂದಿನ ಗಾಲಿಗೆ ಸಸ್ಪೆನ್ಷನ್ ಬೇಕಾಗಿಲ್ಲ.

ಸ ಅವರ ಕೈಯಲ್ಲಿದ್ದದ್ದು 25,000 ರೂಪಾಯಿ. ಕೊಂಡ ಮೇಲಿನ ರಿಪೇರಿಯೂ ಇದರೊಳಗೇ ಮುಗಿಯಬೇಕು ಎಂದು ಮೊದಲ ಮಾತಿನಲ್ಲೇ ಹೇಳಿದೆ. ಹಳೆಯ ಸೈಕಲ್ ಕೊಳ್ಳುವವರಲ್ಲಿ ಹೆಚ್ಚಿನವರು ಹಣವನ್ನೆಲ್ಲ ಮಾರುವವನ ಕೈಗೆ ಕೊಟ್ಟು, ಸವೆದ ಚೈನಿನಲ್ಲೇ ವರ್ಷ ತಳ್ಳುತ್ತಾರೆ. ಆ ಹೊತ್ತಿಗೆ ಗೇರಿನ ಹಲ್ಲುಗಳೂ ಹೋಗಿರುತ್ತವೆ.

ಇಷ್ಟೇ ಹಣಕ್ಕೆ ಹೊಸದು ಬರುವುದಿಲ್ಲವೇ ಎಂದು ಅವರೂ ಕೇಳಿದರು. ಬರುತ್ತದೆ. ವಾರಂಟಿಯೂ ಸಿಗುತ್ತದೆ, ಸೈಜೂ ಸಿಗುತ್ತದೆ. ಆದರೆ ನಾವು ನೋಡಿದ ಅಂಗಡಿಗಳಲ್ಲಿ ಆ ಬೆಲೆಯ ಹೊಸ ಸೈಕಲ್‌ಗಳಿಗೆ ತಂತಿ ಎಳೆಯುವ ಡಿಸ್ಕ್ ಬ್ರೇಕ್ ಇತ್ತು, ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಇರಲಿಲ್ಲ. ಟೇಕಡಿಯ ಇಳಿಜಾರಿನಲ್ಲಿ ಒಂದು ಬೆರಳಿನಿಂದ ಹಿಡಿಯಬಹುದಾದ ಬ್ರೇಕ್ ಎಷ್ಟು ಧೈರ್ಯ ಕೊಡುತ್ತದೆ ಎಂಬುದನ್ನು ಇಳಿದವರೇ ಬಲ್ಲರು. ಆದ್ದರಿಂದ ಹಳೆಯದನ್ನೇ ಹುಡುಕುವುದೆಂದು ತೀರ್ಮಾನವಾಯಿತು.

ನೋಡಿ ಬಿಟ್ಟದ್ದು

ಮೊದಲು ಕಣ್ಣಿಗೆ ಬಿದ್ದದ್ದು ಹಡಪಸರದ ಒಂದು ವಸತಿ ಸಮುಚ್ಚಯದಲ್ಲಿದ್ದ, ಮುಂದೆಯೂ ಹಿಂದೆಯೂ ಸ್ಪ್ರಿಂಗ್ ಇದ್ದ ಕೆಂಪು ಸೈಕಲ್. ಬೆಲೆ 9,000. ನೋಡಲು ಭರ್ಜರಿ. ಪೆಡಲ್ ತುಳಿದರೆ ಬಲದ ಒಂದು ಪಾಲು ಹಿಂದಿನ ಸ್ಪ್ರಿಂಗನ್ನು ಕುಣಿಸುವುದಕ್ಕೇ ಹೋಗುತ್ತಿತ್ತು. ಹಿಂದಿನ ಗೇರುಗಳ ಕಟ್ಟು ಹಬ್ಬಿನ (ಗಾಲಿಯ ನಡುವಿನ ಗುಂಬ) ಮೇಲೆ ತಿರುಪಿ ಕೂರಿಸುವ ಹಳೆಯ ಬಗೆಯದು. ಅಂಥ ಹಬ್ಬಿನಲ್ಲಿ ಬಲಗಡೆಯ ಬೇರಿಂಗ್ ಒಳಗೆ ಸರಿದಿರುತ್ತದೆ, ಹೊರಗೆ ಚಾಚಿದ ಅಚ್ಚಿಗೆ ಆಸರೆ ಸಾಲದೆ ಒರಟು ನೆಲದಲ್ಲಿ ಬಾಗುತ್ತದೆ. ಫ್ರೇಮಿನ ಕೆಳಭಾಗದಲ್ಲಿ ಗುಡ್ಡಗಾಡಿನ ಬಳಕೆಗೆ ಅಲ್ಲ ಎಂದು ತಯಾರಕರೇ ಅಂಟಿಸಿದ್ದ ಚೀಟಿಯಿತ್ತು. ಅಲ್ಲಿಗೆ ಅದರ ವಿಚಾರ ಮುಗಿಯಿತು.

ಎರಡನೆಯದು ಅಷ್ಟು ಸುಲಭವಾಗಿ ಬಿಡುವಂಥದ್ದಾಗಿರಲಿಲ್ಲ. ಔಂಧಿನ ಒಬ್ಬ ಉದ್ಯೋಗಿಯ ಸೈಕಲ್, 29 ಇಂಚಿನ ಗಾಲಿ, ಹೈಡ್ರಾಲಿಕ್ ಬ್ರೇಕ್. ಟಯರಿನ ರಬ್ಬರ್ ಕೂದಲುಗಳು ಕೂಡ ಉದುರಿರಲಿಲ್ಲ, ಅಷ್ಟು ಕಡಿಮೆ ಓಡಿತ್ತು. 24,000 ಹೇಳಿ 22,500ಕ್ಕೆ ಇಳಿದರು. ಇದನ್ನು ಹುಡುಕಿಕೊಟ್ಟವರು ಸ ಅವರ ಮೈದುನ. ಅವರಿಗಂತೂ ಆಗಲೇ ಮುಂಗಡ ಕೊಟ್ಟುಬಿಡುವ ಆತುರ.

ಆದರೆ ಅದು ದೊಡ್ಡ ಸೈಜಿನ ಫ್ರೇಮ್. ಮಾರುವವರು ಸೀಟನ್ನು ಪೂರ್ತಿ ಇಳಿಸಿ, “ನೋಡಿ, ಕಾಲು ಮುಟ್ಟುತ್ತದೆ” ಎಂದರು. ಮುಟ್ಟುತ್ತಿತ್ತು, ಸಮತಟ್ಟಾದ ಪಾರ್ಕಿಂಗ್ ಜಾಗದಲ್ಲಿ. ಹ್ಯಾಂಡಲ್ ದೂರವಾದರೆ, ಅದನ್ನು ಫೋರ್ಕಿಗೆ ಜೋಡಿಸುವ ಸ್ಟೆಮ್ ಎಂಬ ತುಂಡನ್ನು ಚಿಕ್ಕದು ಹಾಕಿಸಿ ಎಂದೂ ಸಲಹೆ ಕೊಟ್ಟರು. ಸೀಟನ್ನು ಇಳಿಸಿದರೆ ಕಾಲಿನ ಅಳತೆ ಸರಿಹೋಗಬಹುದು. ಸೀಟಿನಿಂದ ಎದ್ದು ಪೆಡಲುಗಳ ಮೇಲೆ ನಿಂತಾಗ ಕೈ ಎಲ್ಲಿರುತ್ತದೆ ಎಂಬುದನ್ನು ಮಾತ್ರ ಸೀಟು ನಿರ್ಧರಿಸುವುದಿಲ್ಲ, ಫ್ರೇಮಿನ ಉದ್ದ ನಿರ್ಧರಿಸುತ್ತದೆ. ಗುಡ್ಡ ಇಳಿಯುವಾಗ ಸವಾರ ಇರುವುದೇ ಹಾಗೆ, ನಿಂತುಕೊಂಡು. ಸ್ಟೆಮ್ ಚಿಕ್ಕದು ಮಾಡಿ ಒಂದೆರಡು ಸೆಂಟಿಮೀಟರ್ ಗಳಿಸಬಹುದು, ಒಂದು ಸೈಜನ್ನೇ ಗಳಿಸಲಾಗದು.

ಮಾತಿನಲ್ಲಿ ಇದನ್ನು ಒಪ್ಪಿಸುವುದು ಕಷ್ಟ. ಆದ್ದರಿಂದ ಮಾರುವವರ ಅನುಮತಿ ಪಡೆದು ಸೈಕಲನ್ನು ಪಾಷಾಣ ಕಡೆಯ ಒಂದು ಗರಸು ಇಳಿಜಾರಿಗೆ ಒಯ್ದೆವು. “ಅರ್ಧ ಇಳಿದು, ನಿಂತು, ಕಾಲು ಊರಿ” ಎಂದೆ. ಅವರು ಇಳಿದರು, ನಿಲ್ಲಿಸಿದರು, ಎಡಗಾಲು ಚಾಚಿದರು. ಅಡ್ಡ ಇಳಿಜಾರಿನಲ್ಲಿ ಎಡಗಡೆಯ ನೆಲ ಒಂದು ಗೇಣು ಕೆಳಗಿತ್ತು. ಕಾಲಿಗೆ ನೆಲ ಸಿಗಲಿಲ್ಲ. ಫ್ರೇಮಿನ ಮೇಲಿನ ನಳಿಕೆ ಎತ್ತರವಿದ್ದುದರಿಂದ ಇಳಿದು ನಿಲ್ಲಲೂ ಆಗದೆ ಸೈಕಲ್ ಸಮೇತ ಪಕ್ಕಕ್ಕೆ ವಾಲಿದರು. ನಾನು ಹಿಡಿದುಕೊಂಡೆ. ಪೆಟ್ಟೇನೂ ಆಗಲಿಲ್ಲ. “ಇದು ಬೇಡ” ಎಂದು ಅವರೇ ಹೇಳಿದರು.

ಈ ಪ್ರಕರಣದ ಮೊದಲ ತಿರುವು ಇದು. ಸುಸ್ಥಿತಿಯಲ್ಲಿದ್ದ, ಬೆಲೆಯೂ ಹೊಂದುತ್ತಿದ್ದ ಸೈಕಲನ್ನು ಅವರು ಬಿಟ್ಟರು. ಹಳೆಯ ಸೈಕಲ್ ನೋಡುವಾಗ ಎರಡು ಬಗೆಯ ಸಂಗತಿಗಳನ್ನು ಬೇರೆಬೇರೆಯಾಗಿ ಇಟ್ಟು ನೋಡಬೇಕು ಎಂದು ನಾನು ಯಾವಾಗಲೂ ಪಟ್ಟು ಹಿಡಿಯುತ್ತೇನೆ. ಫ್ರೇಮಿನ ಸೈಜು, ಅದರ ಆಕಾರ, ಅದು ಒಪ್ಪಿಕೊಳ್ಳುವ ಗಾಲಿ, ಅಚ್ಚು, ಫೋರ್ಕುಗಳ ಅಳತೆ ಒಂದು ಗುಂಪು. ಇವನ್ನು ಬದಲಿಸಲಾಗದು, ಬದಲಿಸಹೊರಟರೆ ಮೂಗಿಗಿಂತ ಮೂಗುತಿ ಭಾರ. ಚೈನು, ಟಯರು, ಬ್ರೇಕ್ ಪ್ಯಾಡು, ಬೇರಿಂಗ್ ಇನ್ನೊಂದು ಗುಂಪು. ಅವು ಬರಿ ಲೆಕ್ಕದ ವಿಷಯ. ಹೊಳಪು ನೋಡಿ ಕೊಳ್ಳುವವರು ಲೆಕ್ಕದ ಗುಂಪಿಗೆ ಮರುಳಾಗಿ ಮೊದಲ ಗುಂಪನ್ನು ಮರೆಯುತ್ತಾರೆ.

ಮೂರನೆಯ ಸೈಕಲ್

ಮೇ ತಿಂಗಳು ಬಂತು. ಕಾಲೇಜು ಮುಗಿಸಿ ಊರಿಗೆ ಹೊರಡುವ ಹುಡುಗರು ಪುಣೆಯಲ್ಲಿ ಸೈಕಲ್ ಮಾರುವ ಕಾಲ ಅದು. ಕರ್ವೆನಗರದ ಒಬ್ಬ ವಿದ್ಯಾರ್ಥಿಯ ಬಳಿ ಸಣ್ಣ ಸೈಜಿನ ಅಲ್ಯೂಮಿನಿಯಂ ಫ್ರೇಮಿನ ಸೈಕಲ್ ಇತ್ತು. 27.5 ಇಂಚಿನ ಗಾಲಿ, ಶಿಮಾನೊ ಕಂಪನಿಯ ಆಲಿವಿಯೊ ಗೇರು, ಮುಂದೆ ಮೂರು ಹಿಂದೆ ಒಂಬತ್ತು, ಹೈಡ್ರಾಲಿಕ್ ಬ್ರೇಕ್, 100 ಮಿಲಿಮೀಟರಿನ ಸ್ಪ್ರಿಂಗ್ ಫೋರ್ಕ್. ಬೆಲೆ 18,000. ಆತ ಎರಡು ದಿನದಲ್ಲಿ ರೈಲು ಹತ್ತುವವನಿದ್ದ.

ನೋಟಕ್ಕೆ ಅದು ಸೊರಗಿತ್ತು. ಟಯರಿನ ಪಕ್ಕಗಳಲ್ಲಿ ಬಿರುಕು, ಚೈನಿನ ಮೇಲೆ ಕಪ್ಪು ಮೇಣದಂಥ ಜಿಡ್ಡು, ಹಿಂದಿನ ಬ್ರೇಕ್ ಹಿಡಿದರೆ ಸ್ಪಂಜು ಅದುಮಿದಂತೆ. ಸ ಅವರ ಮುಖ ಸಪ್ಪಗಾದದ್ದನ್ನು ಕಂಡು, “ಮೊದಲು ಹತ್ತಿ ನೋಡಿ” ಎಂದೆ. ಹತ್ತಿದರು. ಪೆಡಲುಗಳ ಮೇಲೆ ನಿಂತರು. ಮೊಣಕೈ ತಾನಾಗಿ ಬಾಗಿ, ಎದೆ ಹ್ಯಾಂಡಲಿನ ಮೇಲೆ ಸರಿಯಾಗಿ ಕೂತಿತು. ಮೇಲಿನ ನಳಿಕೆಗೂ ದೇಹಕ್ಕೂ ನಡುವೆ ನಾಲ್ಕು ಬೆರಳಿನ ಜಾಗ. ನಾನು ಬಗ್ಗಿ ಪರೀಕ್ಷೆಗೆ ಕೂತೆ.

ಚೈನಿನಿಂದ ಆರಂಭಿಸಿದೆ. ಇದಕ್ಕೆ ಉಕ್ಕಿನ ಅಳತೆಪಟ್ಟಿ ಸಾಕು. ಚೈನಿನ ಪ್ರತಿ ಕೊಂಡಿ ಅರ್ಧ ಇಂಚು. ಹೊಸ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ 24 ಕೊಂಡಿ ಎಣಿಸಿದರೆ ಕರಾರುವಾಕ್ಕಾಗಿ 12 ಇಂಚು. 1/16 ಇಂಚು ಹೆಚ್ಚಾಗಿದ್ದರೆ ಚೈನು ಬದಲಿಸುವ ಕಾಲ ಬಂದಿದೆ ಎಂದರ್ಥ. 1/8 ಇಂಚು ಹೆಚ್ಚಾಗಿದ್ದರೆ ಹಿಂದಿನ ಗೇರಿನ ಹಲ್ಲುಗಳೂ ಸವೆದಿರುತ್ತವೆ, ಹೊಸ ಚೈನು ಅವುಗಳ ಮೇಲೆ ಜಿಗಿಯುತ್ತದೆ. ಇಲ್ಲಿ ಪಿನ್ನು 1/8ರ ಗೆರೆಯನ್ನೂ ದಾಟಿತ್ತು. ಚೈನು, ಹಿಂದಿನ ಗೇರಿನ ಕಟ್ಟು ಎರಡನ್ನೂ ಖರ್ಚಿನ ಪಟ್ಟಿಗೆ ಬರೆದುಕೊಂಡೆ. ಮುಂದಿನ ಹಲ್ಲುಗಳು ಚೂಪಾಗಿರಲಿಲ್ಲ, ಇನ್ನೂ ಬಾಳುತ್ತಿದ್ದವು.

ನಂತರ ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲುಗಾಡಿಸಿದೆ. ಟಕ್ ಟಕ್ ಎಂದು ಸಡಿಲ ಗೊತ್ತಾಯಿತು. ಈ ಸಡಿಲ ಎಲ್ಲಿಯದು ಎಂಬುದರ ಮೇಲೆ ನೂರಾರು ರೂಪಾಯಿಯೋ ಸಾವಿರಾರು ರೂಪಾಯಿಯೋ ಎಂಬುದು ನಿಂತಿದೆ. ಹ್ಯಾಂಡಲಿನ ಕೆಳಗೆ, ಫ್ರೇಮ್ ಮತ್ತು ಬೇರಿಂಗ್ ಸೇರುವ ಸಂದಿಗೆ ಬೆರಳು ಸುತ್ತಿ ಅಲುಗಾಡಿಸಿದರೆ ಬೆರಳಿಗೆ ಚಲನೆ ಸಿಕ್ಕಿತು. ಫೋರ್ಕಿನ ಹೊಳೆಯುವ ಕಂಬ ಕೆಳಗಿನ ಕೊಳವೆಯೊಳಗೆ ಇಳಿಯುವ ಜಾಗದಲ್ಲಿ ಬೆರಳಿಟ್ಟು ಅಲುಗಾಡಿಸಿದೆ. ಅಲ್ಲಿ ಏನೂ ಇರಲಿಲ್ಲ. ಅಂದರೆ ಸಡಿಲ ಬೇರಿಂಗಿನದು, ಫೋರ್ಕ್ ಗಟ್ಟಿಯಿದೆ. ಕಂಬಗಳನ್ನು ಒರೆಸಿ ಉಗುರನ್ನು ಮೇಲಿನಿಂದ ಕೆಳಗೆ ಎಳೆದೆ. ಎಡಗಡೆ ಮಸುಕಾದ ಉಜ್ಜಿದ ಗೆರೆಗಳಿದ್ದವು, ಆದರೆ ಉಗುರು ಎಲ್ಲಿಯೂ ತಡೆಯಲಿಲ್ಲ. ಉಗುರು ತಡೆದಿದ್ದರೆ, ಆ ಗೀರು ಎಣ್ಣೆಯ ಸೀಲನ್ನು ಪ್ರತಿ ಸಲವೂ ಕತ್ತರಿಸುತ್ತಿದೆ ಎಂದು ತಿಳಿಯಬೇಕು.

ಬ್ರೇಕಿನ ಡಿಸ್ಕ್ 1.6 ಮಿಲಿಮೀಟರ್ ಇತ್ತು. ಶಿಮಾನೊ ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪ 1.5 ಎಂದು ಕೊರೆದಿರುತ್ತಾರೆ. ಇನ್ನೊಂದಷ್ಟು ದಿನ ಸಾಗುತ್ತದೆ. ಪೆಡಲಿನ ತೋಳುಗಳನ್ನು ಪಕ್ಕಕ್ಕೆ ಎಳೆದರೆ ಅಲುಗಾಟವಿಲ್ಲ, ಗಾಲಿಗಳು ನೇರ, ರಿಮ್ಮಿನಲ್ಲಿ ಕಡ್ಡಿ ಕೂರುವ ತೂತುಗಳ ಸುತ್ತ ಸೀಳಿಲ್ಲ.

ಕೊನೆಗೆ ಸೀಟನ್ನು ಇಳಿಸಿ ತೋರಿಸು ಎಂದು ಹುಡುಗನನ್ನು ಕೇಳಿದೆ. ಕ್ಲಾಂಪ್ ಸಡಿಲಿಸಿದ, ತಿರುಗಿಸಿದ, ಗುದ್ದಿದ. ಸೀಟನ್ನು ಹೊತ್ತ ಕೊಳವೆ, ಅಂದರೆ ಸೀಟ್ ಪೋಸ್ಟ್, ಜಪ್ಪಯ್ಯ ಎನ್ನಲಿಲ್ಲ. “ಇಳಿಸುವ ಅಗತ್ಯವೇ ನನಗೆ ಬಂದಿರಲಿಲ್ಲ” ಎಂದ.

ಎರಡನೆಯ ತಿರುವು

ಹುಡುಗ ಎತ್ತರದ ಆಳು. ಸಣ್ಣ ಫ್ರೇಮನ್ನು ತನಗೆ ಹೊಂದಿಸಿಕೊಳ್ಳಲು ಪೋಸ್ಟನ್ನು ಮೇಲೆತ್ತಿದ್ದ. ಎಷ್ಟೆಂದರೆ, ಕನಿಷ್ಠ ಇಷ್ಟಾದರೂ ಒಳಗಿರಬೇಕು ಎಂದು ಪೋಸ್ಟಿನ ಮೇಲೆ ಕೊರೆದ ಗೆರೆ ಕ್ಲಾಂಪಿನಿಂದ ಎರಡು ಬೆರಳು ಮೇಲೆ ಕಾಣುತ್ತಿತ್ತು. ಇದರಿಂದ ಎರಡು ಅಪಾಯ. ಅಷ್ಟು ಕಡಿಮೆ ಆಳದಲ್ಲಿ ಕೂತ ಪೋಸ್ಟ್ ಫ್ರೇಮಿನ ಕೊರಳಿನ ಮೇಲೆ ಹಾರೆಯಂತೆ ಒತ್ತುತ್ತದೆ, ಮೇಲಿನ ನಳಿಕೆ ಬೆಸೆದ ಜಾಗ ಬಿರಿಯಬಹುದು. ಎರಡನೆಯದು, ಪುಣೆಯ ಮಳೆನೀರು ಕ್ಲಾಂಪಿನ ಸಂದಿಯಿಂದ ಇಳಿದು, ಗ್ರೀಸ್ ಕಾಣದ ಅಲ್ಯೂಮಿನಿಯಂ ಒಳಗೊಳಗೇ ಬೂದಿಹಿಡಿದು ಕಚ್ಚಿಕೊಂಡಿತ್ತು. ಕಚ್ಚಿದ ಪೋಸ್ಟನ್ನು ಬಲವಂತದಿಂದ ಎಳೆದರೆ ಫ್ರೇಮೇ ಹೋಗುವುದುಂಟು. ಬಿಡಿಸದಿದ್ದರೆ 158 ಸೆಂಟಿಮೀಟರಿನವರು ಅದರ ಮೇಲೆ ಕೂರುವ ಹಾಗೇ ಇಲ್ಲ.

ಬೆಸುಗೆಯ ಜಾಗದಲ್ಲಿ ಕೂದಲೆಳೆಯಷ್ಟು ಗೆರೆಯೊಂದು ಕಂಡಿತು. ಎದೆ ಧಸಕ್ಕೆಂದಿತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಹತ್ತಿಯ ಎಳೆಯನ್ನು ಅದರ ಮೇಲೆ ಅಡ್ಡಲಾಗಿ ಎಳೆದೆ. ಲೋಹ ಬಿರಿದಿದ್ದರೆ ಹತ್ತಿಯ ಎಳೆ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚು. ಸಿಕ್ಕಿಕೊಳ್ಳಲಿಲ್ಲ. ಟಾರ್ಚ್ ಹಿಡಿದು ಓರೆಯಿಂದ ನೋಡಿದಾಗ ಗೆರೆ ಬೆಸುಗೆಯನ್ನು ದಾಟಿ ನೇರವಾಗಿ ಮುಂದೆ ಹೋಗಿತ್ತು, ಬಣ್ಣದ ಮೇಲಿನ ಗೀರು ಅದು. ಬಿರುಕು ಸಾಮಾನ್ಯವಾಗಿ ಬೆಸುಗೆಯ ಅಂಚನ್ನೇ ಹಿಡಿದು ಸಾಗುತ್ತದೆ.

ಈಗ ನಿರ್ಧಾರ ಸ ಅವರದು. ಮೈದುನ ಫೋನಿನಲ್ಲಿ, “ಅತ್ತಿಗೆ, ಔಂಧಿನದು ಇನ್ನೂ ಇದೆ, ಸುಮ್ಮನೆ ತಗೊಳ್ಳಿ” ಎನ್ನುತ್ತಿದ್ದರು. ಅವರು ಸ್ವಲ್ಪ ಹೊತ್ತು ಯೋಚಿಸಿ ಹುಡುಗನ ಮುಂದೆ ಒಂದು ಕರಾರು ಇಟ್ಟರು. ಪೋಸ್ಟ್ ಬಿಡಿಸುವ ಮೆಕ್ಯಾನಿಕ್ ಖರ್ಚು 500 ರೂಪಾಯಿ ತಾನು ಕೊಡುವುದು. ಪೋಸ್ಟ್ ಬಿಟ್ಟುಬಂದರೆ ಖರೀದಿ, ಬಾರದಿದ್ದರೆ ಆ 500 ತನ್ನ ನಷ್ಟ, ಸೈಕಲ್ ಅವನದು. ಬಿಡಿಸುವಾಗ ಫ್ರೇಮಿಗೆ ಹಾನಿಯಾದರೆ ಅದೂ ಅವನದೇ. ಹುಡುಗ ಒಪ್ಪಿದ. ಯಾರನ್ನೂ ಕತ್ತಲಲ್ಲಿಡದ ಕರಾರು ಇದು, ನನಗೆ ಬಹಳ ಮೆಚ್ಚುಗೆಯಾಯಿತು.

ಹತ್ತಿರದ ಹಿರಿಯ ಮೆಕ್ಯಾನಿಕ್ ಸುತ್ತಿಗೆ ಮುಟ್ಟಲಿಲ್ಲ. ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಸಂದಿಗೆ ಬಿಟ್ಟು, ಸೈಕಲನ್ನು ತಲೆಕೆಳಗು ಮಾಡಿ ಒಳಗಿನಿಂದಲೂ ಬಿಟ್ಟು, ರಾತ್ರಿಯಿಡೀ ನೆನೆಯಲು ಇಟ್ಟರು. ಬೆಳಿಗ್ಗೆ ಇಬ್ಬರು ಫ್ರೇಮ್ ಹಿಡಿದೆವು. ಅವರು ಸೀಟನ್ನೇ ಸನ್ನೆಯಾಗಿ ಹಿಡಿದು ಎಡಕ್ಕೆ ಬಲಕ್ಕೆ ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರು. ಕಿರ್ರೆಂದು ಒಂದು ಸದ್ದು ಬಂತು. ಆಮೇಲೆ ಪೋಸ್ಟ್ ಬಿಳಿ ಪುಡಿ ಸುರಿಸುತ್ತಾ ಮೇಲೆ ಬಂತು. ಪೋಸ್ಟಿನ ಮೈ ಕೆರೆದು ಹಾಳಾಗಿತ್ತು. ಫ್ರೇಮಿನ ಒಳಗೋಡೆ ಉಪ್ಪುಕಾಗದ ತಿಕ್ಕಿದ ಮೇಲೆ ನುಣುಪಾಗಿತ್ತು.

ಬೆಲೆ, ಕಾಗದ, ರಿಪೇರಿ

ರಿಪೇರಿಯ ಅಂದಾಜು 9,000 ರೂಪಾಯಿ ಆಗಿತ್ತು. ಅಷ್ಟನ್ನೂ 18,000ದಲ್ಲಿ ಕಳೆಯಿರಿ ಎಂದು ಕೇಳುವುದು ನ್ಯಾಯವಲ್ಲ. ಹೊಸ ಚೈನು, ಹೊಸ ಟಯರು ಬಂದ ಮೇಲೆ ಸೈಕಲಿನ ಮೌಲ್ಯ ಹುಡುಗ ಮಾರಿದ ಸ್ಥಿತಿಗಿಂತ ಹೆಚ್ಚುತ್ತದೆ, ಆ ಲಾಭ ಕೊಳ್ಳುವವರದು. ಪಟ್ಟಿಯನ್ನು ಅವನ ಮುಂದೆಯೇ ಇಟ್ಟು, ಸುಮಾರು ಮೂರರಲ್ಲಿ ಎರಡು ಪಾಲು ಕಳೆಯೋಣ ಎಂದೆವು. 12,500ಕ್ಕೆ ಮಾತು ಮುಗಿಯಿತು.

ಆತ ಅದನ್ನು ತನ್ನ ಸೀನಿಯರಿನಿಂದ ಕೊಂಡಿದ್ದ, ಬಿಲ್ಲು ಸೀನಿಯರಿನ ಹೆಸರಿನಲ್ಲಿತ್ತು. ಪೆಡಲಿನ ಅಚ್ಚು ಕೂರುವ ಕೊಳವೆಯ ತಳದಲ್ಲಿ ಕೊರೆದ ಕ್ರಮಸಂಖ್ಯೆಯನ್ನು ಮಣ್ಣು ಒರೆಸಿ ಓದಿ, ಬಿಲ್ಲಿನ ಫೋಟೊ ತರಿಸಿ ತಾಳೆ ನೋಡಿದೆವು. ಸರಿಹೋಯಿತು. ಆ ಸಂಖ್ಯೆ, ಬೆಲೆ, ದಿನಾಂಕ ಬರೆದ ಚೀಟಿಗೆ ಇಬ್ಬರೂ ಸಹಿ ಹಾಕಿದರು. ಕದ್ದ ಸೈಕಲ್ ಯಾರ ಮನೆಗೂ ಬರಬಾರದು.

ಚೈನು 1,100, ಹಿಂದಿನ ಗೇರಿನ ಕಟ್ಟು 2,300, ಟಯರು ಎರಡಕ್ಕೆ 2,400, ಬ್ರೇಕ್ ಪ್ಯಾಡು 900, ಬ್ರೇಕಿಗೆ ಗಾಳಿ ತೆಗೆದು ಮಿನರಲ್ ಎಣ್ಣೆ ತುಂಬಿಸಲು 800, ಹೊಸ ಪೋಸ್ಟ್ 650, ಹ್ಯಾಂಡಲಿನ ಬೇರಿಂಗ್ 700, ಕೂಲಿ 600. ಪೋಸ್ಟ್ ಬಿಡಿಸಿದ 500 ಬೇರೆ. ಸೈಕಲಿನ 12,500ವೂ ಸೇರಿ ಒಟ್ಟು 22,450 ರೂಪಾಯಿ. ಔಂಧಿನ ಸೈಕಲಿನ ಬೆಲೆಗೆ ಹೆಚ್ಚುಕಡಿಮೆ ಸಮ. ಔಂಧಿನದನ್ನು ಕೊನೆಗೆ ಮೈದುನರೇ ಕೊಂಡರು. ಅವರ ಎತ್ತರಕ್ಕೆ ಅದು ಹೇಳಿ ಮಾಡಿಸಿದಂತಿದೆ.

ಆಮೇಲೆ

ಮೊದಲ ವಾರಗಳಲ್ಲಿ ಸ ಅವರು ಕೈ ಜೋಮು ಹಿಡಿಯುತ್ತದೆ, ಗರಸಿನಲ್ಲಿ ಮುಂದಿನ ಗಾಲಿ ಜಾರುತ್ತದೆ ಎಂದರು. ಗಾಳಿ ಅಳೆದರೆ 50 ಪಿಎಸ್‌ಐ. ಟಯರು ಹಾಕಿದವರು ರಸ್ತೆ ಸೈಕಲಿಗೆ ತುಂಬುವ ಹಾಗೆ ತುಂಬಿದ್ದರು. 54 ಕಿಲೊ ತೂಕಕ್ಕೆ, 2.2 ಇಂಚಿನ ಟಯರಿಗೆ, ಮುಂದೆ 25 ಹಿಂದೆ 28ಕ್ಕೆ ಇಳಿಸಿದೆವು. ಅರ್ಧ ದೂರು ಅಲ್ಲಿಗೇ ಹೋಯಿತು.

ಉಳಿದ ಅರ್ಧ ಫೋರ್ಕಿನದು. ಅದರ ಕಂಬಕ್ಕೆ ಸಣ್ಣ ಪ್ಲಾಸ್ಟಿಕ್ ಪಟ್ಟಿ ಬಿಗಿದು ಟೇಕಡಿ ಇಳಿಸಿದಾಗ, 100 ಮಿಲಿಮೀಟರಿನಲ್ಲಿ ಫೋರ್ಕ್ ಅರ್ಧದಷ್ಟೂ ಕುಗ್ಗಿರಲಿಲ್ಲ. ಒಳಗಿನ ಸ್ಪ್ರಿಂಗ್ ಅವರಿಗಿಂತ ಭಾರದ ಸವಾರರಿಗೆ ಮಾಡಿದ್ದು. ಮೇಲಿನ ತಿರುಪು ಸಡಿಲಿಸಿದರೆ ಸ್ಪ್ರಿಂಗಿನ ಆರಂಭದ ಬಿಗಿ ಕಡಿಮೆಯಾಗುತ್ತದೆ, ಅದರ ಗಡಸುತನ ಕಡಿಮೆಯಾಗುವುದಿಲ್ಲ. ಗಾಳಿ ತುಂಬುವ ಫೋರ್ಕಾದರೆ ತೂಕಕ್ಕೆ ತಕ್ಕಂತೆ ಒತ್ತಡ ಇಡಬಹುದು. ಒಂದು ಮಳೆಗಾಲ ಇದರಲ್ಲೇ ಕಳೆದ ಮೇಲೆ, ಹಳೆಯ ಏರ್ ಫೋರ್ಕ್ ಒಂದನ್ನು ಹುಡುಕೋಣವೇ ಎಂದು ಈಗ ಕೇಳಿದ್ದಾರೆ.

ಹುಡುಕುವುದು ತಪ್ಪಲ್ಲ, ಷರತ್ತುಗಳು ಮಾತ್ರ ಬಿಗಿ. ಫ್ರೇಮಿನ ತಲೆಯ ಕೊಳವೆ ಕೆಳಗೆ ಅಗಲವಾಗುವ ಬಗೆಯದು, ಅದರೊಳಗೆ ಹೋಗುವ ಫೋರ್ಕಿನ ಕಾಂಡವೂ ಅಂಥದ್ದೇ ಇದ್ದರೆ ನೇರವಾಗಿ ಕೂರುತ್ತದೆ. ಇರುವ ಗಾಲಿಯ ಹಬ್ 9 ಮಿಲಿಮೀಟರಿನ ಹಳೆಯ ಅಚ್ಚಿನದು. ಹೊಸ ಕಾಲದ ಫೋರ್ಕುಗಳಲ್ಲಿ ಹೆಚ್ಚಿನವು 15 ಮಿಲಿಮೀಟರ್ ಅಚ್ಚಿನವು, ಅವನ್ನು ತಂದರೆ ಗಾಲಿಯೂ ಬದಲಾಗಬೇಕು. 120ಕ್ಕಿಂತ ಉದ್ದ ಕುಗ್ಗುವುದನ್ನು ಹಾಕಬಾರದು, ಮುಂಭಾಗ ಎತ್ತರವಾಗಿ ಏರಿನಲ್ಲಿ ಗಾಲಿ ನೆಲ ಬಿಡುತ್ತದೆ. ಒಂದು ವಿಷಯದಲ್ಲಿ ಮಾತ್ರ ಅವರಿಗೆ ಅನುಕೂಲವಿದೆ. ಬಳಸಿದ ಫೋರ್ಕಿನ ಕಾಂಡವನ್ನು ಹಿಂದಿನವರ ಫ್ರೇಮಿಗೆ ತಕ್ಕಂತೆ ಕತ್ತರಿಸಿರುತ್ತಾರೆ, ದೊಡ್ಡ ಫ್ರೇಮಿನವರಿಗೆ ಅದು ಸಾಲುವುದಿಲ್ಲ. ಇವರ ಸಣ್ಣ ಫ್ರೇಮಿನ ತಲೆಯ ಕೊಳವೆ ಗಿಡ್ಡ. ಬೇರೆಯವರು ಕತ್ತರಿಸಿದ ಕಾಂಡಗಳಲ್ಲಿ ಹೆಚ್ಚಿನವು ಇವರಿಗೆ ಸಾಲುತ್ತವೆ. ತಲೆಯ ಕೊಳವೆ, ಬೇರಿಂಗ್, ಸ್ಟೆಮ್ ಸೇರಿಸಿ ಅಳೆದ ಉದ್ದವನ್ನು ಅವರ ಮೊಬೈಲಿಗೆ ಕಳಿಸಿದ್ದೇನೆ.